ಹದಿನಾಲ್ಕನೆಯ ಪ್ರಶ್ನೆ

ಹೊರರೋಗಿ ಕಟ್ಟಡದ ಹಿಂದೆ
ಹಳೆ ಮಂಚಗಳನ್ನು ಪೇರಿಸಿಟ್ಟ ಕೋಣೆಯಲ್ಲಿ
ನನಗೊಂದು ಮೇಜು, ಎರಡು ಕುರ್ಚಿ,
ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟು.
ಗೋಡೆಯಾಚೆ ಹೊಸೂರು ರಸ್ತೆ
ಬೆಳಗಿನಿಂದ ಹಾರನ್ ಹೊಡೆಯುತ್ತಲೇ ಇರುತ್ತದೆ
ಯಾರಾದರೂ ಬಾಗಿಲು ತೆಗೆಯಲಿ ಎನ್ನುವಂತೆ.

ನನ್ನ ಕೆಲಸ ಕೇಳುವುದು.
ನಿದ್ದೆ ಬರುತ್ತದೆಯೆ, ಹಸಿವಾಗುತ್ತದೆಯೆ,
ಸಾಯಬೇಕೆನಿಸಿದ್ದು ಈ ವಾರ ಎಷ್ಟು ಸಲ.
ಆಮೇಲೆ ಹದಿನಾಲ್ಕನೆಯದು:
ನಿಮ್ಮ ದೇವರು ನಿಮ್ಮನ್ನು ಶಿಕ್ಷಿಸುತ್ತಾನೆಯೆ?
ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ.
ನಾಲ್ಕು ಚೌಕ. ಒಂದರಲ್ಲಿ ಗುರುತು.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಜಾ ಹಾಕುವ ಮುದ್ದುರಂಗಮ್ಮ
ಪ್ರಶ್ನೆ ಮುಗಿಯುವ ಮೊದಲೇ ನಕ್ಕಳು.
“ಶಿಕ್ಷಿಸ್ತಾನೆ ಅಲ್ಲ ಕಣವ್ವ, ಶಿಕ್ಷಿಸ್ತಾಳೆ ಅಂತ ಬರ್ಕೊ.
ನಮ್ಮನೆ ದೇವರು ಹೆಂಗಸು.”
ಮಗಳು ಹೋದ ವರ್ಷ
ಅಮ್ಮನ ಫೋಟೋ ಗೋಡೆ ಕಡೆ ತಿರುಗಿಸಿಟ್ಟಳಂತೆ,
ಸುಣ್ಣ ನೋಡ್ಕೊಂಡಿರು, ನನ್ನ ಮಖ ನೋಡಬ್ಯಾಡ ಅಂತ.
ಮೂರು ದಿನ ದೀಪವಿಲ್ಲ, ನೀರಿಲ್ಲ,
ಅವಳಿಗೂ ಇಲ್ಲ, ಇವಳಿಗೂ ಇಲ್ಲ.
ನಾಲ್ಕನೆಯ ದಿನ, ಉಸಿರು ಕಟ್ಟೀತು ಪಾಪ ಅನ್ನಿಸಿ
ತಿರುಗಿಸಿದರೆ, ಗಾಜಿನ ಮೇಲೆ
ಸುಣ್ಣ ಅಂಟಿತ್ತಂತೆ, ಮೂಗಿನ ನೇರಕ್ಕೆ.
ಸೆರಗಿನಿಂದ ಒರೆಸಿದಳಂತೆ.
ಒರೆಸುತ್ತ ಒರೆಸುತ್ತ ಅತ್ತಳಂತೆ.
ಅಲ್ಲಿತನಕ ಅಳು ಬಂದಿರಲಿಲ್ಲವಂತೆ.

ಯಾವ ಚೌಕ, ಅಂದೆ.
“ಹೊಡೆಯೋದು ಯಾವಾಗ್ಲೂ. ಆದ್ರೆ
ಉಂಡ್ಯಾ ಅಂತ ಕೇಳೋಳೂ ಅವಳೊಬ್ಬಳೇ.
ಎರಡಕ್ಕೂ ಸೇರಿಸಿ ಒಂದು ಗೀಟು ಹಾಕು.”

ಲಿಂಗರಾಜಪುರದ ಹುಡುಗ ಇರುದಯರಾಜ.
ಅಂಗೈ ಸಿಪ್ಪೆ ಸುಲಿದಿತ್ತು, ತೊಳೆದು ತೊಳೆದು.
ಜಪಮಾಲೆ ಹಿಡಿದರೆ ಆರನೆಯ ಮಣಿಗೆ
ಬೈಗುಳವೊಂದು ನಾಲಿಗೆಗೆ ಬರುತ್ತದೆ,
ಮತ್ತೆ ಮೊದಲಿನಿಂದ.
ರಾತ್ರಿ ಎರಡಾಗುತ್ತದೆ, ಮೂರಾಗುತ್ತದೆ.
ಪಾದ್ರಿಯೇ ಕರೆತಂದರು ಇಲ್ಲಿಗೆ,
ಪಾಪನಿವೇದನೆ ಸಾಕು ಮಗು, ಮಾತ್ರೆ ತಗೋ ಎಂದು.
ಫಾರಮನ್ನು ತನ್ನ ಕಡೆ ಎಳೆದುಕೊಂಡು
‘ಎಂದೂ ಇಲ್ಲ’ಕ್ಕೆ ಗುರುತು ಹಾಕಿದ, ಅಚ್ಚುಕಟ್ಟಾಗಿ.
ಎಲ್ಲರನ್ನೂ ಕ್ಷಮಿಸುತ್ತಾನೆ ಎಂದ.
ಪುಟ ತಿರುವುವಾಗ, ಮೆಲ್ಲಗೆ:
“ನನ್ನೊಬ್ಬನ ಬಿಟ್ಟು.”

ಅದನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೆ.
ಅಂಚನ್ನು ಇಲ್ಲಿ ಯಾರೂ ಓದುವುದಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದೆ. ಅವರೆಕಾಳಿನ ಉಪ್ಪಿಟ್ಟು.
ಶ್ರೀರಾಂಪುರದ ವಠಾರದಲ್ಲಿ ಒಂದಗುಳು ಚೆಲ್ಲಿದರೂ
ಅಪ್ಪ ಬೆರಳೆತ್ತಿ ಮೇಲೆ ತೋರಿಸುತ್ತಿದ್ದ:
ನೋಡ್ತಾವ್ನೆ.
ಮೇಲೆ ಇದ್ದದ್ದು ಜಂತಿ, ಜೇಡರ ಬಲೆ,
ನಲವತ್ತು ಕ್ಯಾಂಡಲಿನ ಬಲ್ಬು.
ನಾನು ಬಲ್ಬನ್ನೇ ದೇವರು ಅಂದುಕೊಂಡಿದ್ದೆ.
ಕರೆಂಟು ಹೋದರೆ ಹಾಯೆನಿಸುತ್ತಿತ್ತು.
ಈಗ ಮೂವತ್ತೆಂಟು.
ಈಗಲೂ ದೀಪ ಆರಿಸಿಯೇ ಅಳುವುದು.

ಕೆಳಗಿನ ಕೋಣೆಯಲ್ಲಿ ತಿಪ್ಪೇಸ್ವಾಮಿ
ಕಂಪ್ಯೂಟರಿಗೆ ಅಂಕಿ ಒತ್ತುತ್ತಾನೆ.
ಒಂದರಿಂದ ನಾಲ್ಕು. ಉತ್ತರವಿಲ್ಲದ್ದಕ್ಕೆ,
ಅರ್ಥವಾಗದ್ದಕ್ಕೆ, ಒಂಬತ್ತು.
ಎರಡು ಚೌಕಕ್ಕೆ ಒಂದೇ ಗೀಟೆಳೆದ ಮುದ್ದುರಂಗಮ್ಮನಿಗೆ ಒಂಬತ್ತು.
ಇರುದಯರಾಜನಿಗೆ ನಾಲ್ಕು.
“ಈ ಹುಡುಗ ಪರವಾಗಿಲ್ಲ ಮೇಡಂ,” ಅನ್ನುತ್ತಾನೆ.

ಕಿಟಕಿಯಾಚೆ ಔಷಧಿ ಕೌಂಟರಿನ ಸಾಲು.
ಮುದ್ದುರಂಗಮ್ಮ ಮಾತ್ರೆಯ ಪಟ್ಟಿಯನ್ನು
ಕಣ್ಣಿಗೊತ್ತಿ ಸೆರಗಿನ ತುದಿಗೆ ಗಂಟು ಹಾಕುತ್ತಾಳೆ.
ಹಿಂದೆ ನಿಂತ ಹುಡುಗನ ಕೈ ನೋಡಿ
ಏನೋ ಕೇಳುತ್ತಾಳೆ. ಗಾಜಿನೀಚೆ ಕೇಳಿಸುವುದಿಲ್ಲ.
ಅವನು ಇಲ್ಲವೆಂದು ತಲೆಯಾಡಿಸುತ್ತಾನೆ.
ಅವಳು ಚೀಲದೊಳಗೆ ಕೈ ಹಾಕುತ್ತಾಳೆ.

“ಇದು ಯಾರದು? ಹೆಸರೇ ಇಲ್ಲ. ಹದಿನಾಲ್ಕೂ ಖಾಲಿ.”

ಮೊದಲ ದಿನ, ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣವೆಂದು
ನಾನೇ ತುಂಬಿದ್ದು. ಇಪ್ಪತ್ತೆರಡು ನಿಮಿಷ.
ಹದಿನೈದು ಈ ಒಂದಕ್ಕೇ.

ಒಂಬತ್ತು ಹಾಕು, ಅಂದೆ.
ಆಮೇಲೆ, ಅವನು ಒತ್ತುವ ಮೊದಲು,
ತಡಿ, ಅಂದೆ.