ಸೆಕೆಂಡಿಗೊಂದು ಗುಳ್ಳೆ

ಮೊದಲು ಮಾಡಿದ್ದು ಖಾಲಿ ಜ್ಯೂಸಿನ ಬಾಟ್ಲಿಯಲ್ಲಿ.
ಎರಡು ಲೋಟ ಸಕ್ಕರೆ, ಚಿಟಿಕೆ ಯೀಸ್ಟು.
ಹೊಂಡದ ಸರ್ಕಲ್ಲಿನ ಬೇಕರಿಯವನು ಪೊಟ್ಟಣ ಕಟ್ಟುತ್ತ ಕೇಳಿದ:
‘ಮನೇಲೇ ಬನ್ ಮಾಡ್ತೀರೇನ್ರೀ?’
ಹೂಂ ಅಂದೆ. ನಿಜ ಹೇಳಿದರೆ ಹೊತ್ತಾಗುತ್ತಿತ್ತು.
ಮುಚ್ಚಳಕ್ಕೆ ಕಾಸಿದ ಮೊಳೆಯಿಂದ ತೂತು,
ತೂತಿಗೆ ಆಸ್ಪತ್ರೆಯ ಸಲೈನ್ ಪೈಪು
(ಅವಧಿ ಮೀರಿದ್ದು, ಕದ್ದದ್ದಲ್ಲ),
ಪೈಪಿನ ತುದಿ ಎರಡಡಿ ತೊಟ್ಟಿಯ ತಳಕ್ಕೆ.
ಬೆಳಗಾಗುವಷ್ಟರಲ್ಲಿ ಬಾಟ್ಲಿ ಹೊಟ್ಟೆಯುಬ್ಬಿಸಿ
ಹಳಸಿದ ಹಿಟ್ಟಿನ ವಾಸನೆಯಲ್ಲಿ
ಒಂದು ಗುಳ್ಳೆ ಬಿಟ್ಟಿತು. ಆಮೇಲೆ ಇನ್ನೊಂದು.
ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ನಿಂತುಬಿಟ್ಟೆ.

ನನ್ನ ಕೆಲಸ ಇದರ ಉಲ್ಟಾ.
ಆಪರೇಷನ್ ಥಿಯೇಟರಿನಲ್ಲಿ, ಮಲಗಿದವರ ತಲೆಯ ಕಡೆ,
ಡಾಕ್ಟರ ಬಲಕ್ಕೆ, ಯಂತ್ರದ ಎಡಕ್ಕೆ ನಿಲ್ಲುವವಳು.
ಅವರು ಬಿಟ್ಟ ಉಸಿರಿನಿಂದ ಇದೇ ಗಾಳಿಯನ್ನು ಹೀರುವ
ಬಿಳಿ ಸುಣ್ಣದ ಹರಳು ಡಬ್ಬಿಗೆ ತುಂಬುತ್ತೇನೆ,
ಹರಳು ನೇರಳೆಗೆ ತಿರುಗಿದರೆ ಚೆಲ್ಲುತ್ತೇನೆ.
ಹದಿನಾಲ್ಕು ವರ್ಷದಿಂದ ಅಲ್ಲಿ ಬೇಡವಾದದ್ದನ್ನು
ಮನೆಗೆ ಬಂದು, ರೇಷನ್ ಸಕ್ಕರೆ ಸುರಿದು, ಹುಟ್ಟಿಸುತ್ತಿದ್ದೇನೆ.

ಯೀಸ್ಟಿಗೆ ನಲ್ಲಿ ಇಲ್ಲ.
ಏಪ್ರಿಲ್ಲಿನ ದಾವಣಗೆರೆಯ ಸೆಕೆಗೆ ಅದಕ್ಕೆ ಹುಚ್ಚೇ ಹಿಡಿಯಿತು.
ನಿಟುವಳ್ಳಿಯಲ್ಲಿ ಕರೆಂಟು ಹೋದ ರಾತ್ರಿ
ಎಲೆಗಳು ಊಟ ಮುಗಿಸಿ ಕೈ ತೊಳೆದಿದ್ದವು,
ಬಾಟ್ಲಿ ಮಾತ್ರ ಬಡಿಸುತ್ತಲೇ ಇತ್ತು.
ಮೂರೂವರೆಗೆ ಮೊಬೈಲಿನ ಬೆಳಕಲ್ಲಿ ಕಂಡೆ:
ಹನ್ನೊಂದು ಟೆಟ್ರಾ, ನೀರಿನ ಮೇಲ್ಚರ್ಮಕ್ಕೆ
ಬಾಯಿ ಹಚ್ಚಿಕೊಂಡು.
ಆ ಬಾಯಿ ನನಗೆ ಗೊತ್ತು.
ದಿನಾ ನೋಡುವ ಬಾಯಿ.
ಪೈಪು ಕಿತ್ತೆ. ಚೊಂಬಿನಲ್ಲಿ ನೀರೆತ್ತಿ
ಮೇಲಿಂದ ಸುರಿದೆ, ಎತ್ತಿದೆ, ಸುರಿದೆ,
ಕೂಸಿಗೆ ಹಾಲು ಆರಿಸುವವಳ ಹಾಗೆ, ಐದೂಕಾಲರ ತನಕ.

ಏಳು ಉಳಿದವು.

ಸಿಲಿಂಡರು ಬೇಕೆಂದು ಆವತ್ತೇ ತೀರ್ಮಾನಿಸಿದೆ.
ಗುಜರಿಯಲ್ಲಿ ಸಿಕ್ಕಿತು, ಯಾವುದೋ ಟಾಕೀಸಿನ
ಬೆಂಕಿ ಆರಿಸುವ ಕೆಂಪು ಗುಂಡ, ಮುನ್ನೂರಕ್ಕೆ.
ಕತ್ತಿನ ಮೇಲೆ ಕೊರೆದ ತಾರೀಖು ಓದಿದೆ:
ಒತ್ತಡದ ಪರೀಕ್ಷೆ ಮಾಡಿಸಿ ಹತ್ತೊಂಬತ್ತು ವರ್ಷ.
ವಾಪಸ್ಸಿಟ್ಟು ಬಂದೆ. ಅಗ್ಗವೆಂದು ಬಾಂಬು ಕೊಳ್ಳಬಾರದು.

ಹೊಸದನ್ನು ತುಂಬಿಸಲು ಸೋಡಾ ಫ್ಯಾಕ್ಟರಿಯ ದಸ್ತಗೀರ್ ಸಾಬರ ಹತ್ತಿರ ಹೋದರೆ
‘ಮೀನಿಗೆ ಸೋಡಾ ಕುಡಿಸ್ತೀಯೇನವ್ವ?’
ಮೀನಿಗಲ್ಲ, ಎಲೆಗೆ.
ತಕ್ಕಡಿಯ ಮೇಲಿಟ್ಟು ಬುಸ್ಸೆಂದು ತುಂಬಿದರು,
ಖಾಲಿ ತೂಕ ಕಳೆದು ಲೆಕ್ಕ ಹಾಕಿದರು,
‘ಎಲೆಗೆ’ ಎಂದು ತಮಗೇ ಹೇಳಿಕೊಂಡು
ಇಪ್ಪತ್ತು ರೂಪಾಯಿ ಬಿಟ್ಟರು.

ರೆಗ್ಯುಲೇಟರಿನ ಮರೆ ಕೂಡಲಿಲ್ಲ.
ಹಳೇ ಪಿ.ಬಿ. ರಸ್ತೆಯ ಲೇತಿನ ಬಕ್ಕೇಶಿ
ಹಿತ್ತಾಳೆಯ ಜೋಡಣೆ ಕಡೆದು ಕೊಟ್ಟ;
ಸೋಪಿನ ನೊರೆ ಬಳಿದು ಕಾದೆ, ನೊರೆ ಉಬ್ಬಲಿಲ್ಲ.
ನೀರು ಹಿಂದಕ್ಕೆ ಏರದಂತೆ ಒಮ್ಮುಖದ ಕವಾಟ.
ದೀಪದ ಜೊತೆಗೇ ತೆರೆದು ಮುಚ್ಚುವ ಸೊಲೆನಾಯ್ಡು.
ಸೂಜಿ ಕವಾಟ ಹೊಂದಿಸಲು ಮೂರು ಸಂಜೆ ಹೋದವು:
ಕೂದಲೆಳೆ ಆಚೆಗೆ ಹೊಳೆ, ಕೂದಲೆಳೆ ಈಚೆಗೆ ಬರ.
ಸೆಕೆಂಡಿಗೊಂದು. ಗೋಡೆ ಗಡಿಯಾರದ ಮುಳ್ಳಿಗೆ ಕಣ್ಣಿಟ್ಟು
ಒಂದು, ಒಂದು, ಒಂದು, ಎಂದೇ ಎಣಿಸಿದೆ.

ತೊಟ್ಟಿಯ ಒಳಗೋಡೆಗೆ ಅಂಟಿದ ಗಾಜಿನ ಬುರುಡೆಯಲ್ಲಿ
ನೀಲಿಯೆಂದರೆ ಸಾಲದು, ಹಳದಿಯೆಂದರೆ ಹೆಚ್ಚಾಯಿತು.
ಹಸಿರಾಗಲು ಎರಡು ತಾಸು ಹಿಡಿಯಿತು.
ಅಷ್ಟರಲ್ಲಿ ಅನ್ನ ಸೀದಿತ್ತು.

ಡ್ಯೂಟಿ ಮುಗಿಸಿ ಬಂದ ಒಂದು ಸಂಜೆ
ಎಲೆಯಂಚುಗಳಲ್ಲೆಲ್ಲ ಸಣ್ಣ ಸಣ್ಣ ಗುಳ್ಳೆ,
ನಾನು ಬಿಟ್ಟವಲ್ಲ, ಎಲೆಗಳು ಬಿಟ್ಟವು.
ಕೊಡೆಯ ನೀರು ಚಪ್ಪಲಿ ಮೇಲೆ ಸೋರುತ್ತಿತ್ತು.
ಏಳು ಮೀನು, ಇದೇನು ದೊಡ್ಡದು ಎಂಬಂತೆ,
ನಡುವೆ ಹಾದುಹೋದವು.

ಈಗಲೂ ರಾತ್ರಿ ಫ್ಯಾನು ನಿಂತರೆ ಎಚ್ಚರಾಗುತ್ತದೆ.
ಕರೆಂಟಿಲ್ಲದಿದ್ದರೆ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ,
ಅದು ಗೊತ್ತು.
ಎದ್ದು ಹೋಗಿ ನೋಡುತ್ತೇನೆ.