ಗೋಡೆ ಲೆಕ್ಕ

ಸಂಕ್ರಾಂತಿ ಕಳೆದು ಬರುವ ಮೊದಲ ಶನಿವಾರ
ನಸುಕಿಗೇ ಬೈಕು ಹತ್ತಿ
ಪಟ್ಟಿಯ ಈ ತುದಿಯಿಂದ ಆ ತುದಿಗೆ
ಹಾರ್ನ್ ಒತ್ತಿಕೊಂಡು ಹೋಗುತ್ತೇನೆ.
ನವಿಲು ಏಳಬೇಕು, ನಾಯಿ ಏಳಬೇಕು,
ಚನ್ನಬಸಣ್ಣನ ಎಮ್ಮೆ ಏಳಬೇಕು.
ಎಮ್ಮೆ ಏಳುವುದು ಕೊನೆಗೆ, ಯಾವಾಗಲೂ.

ಅರಸೀಕೆರೆಯಿಂದ ಒಂಬತ್ತು ಮೈಲಿ.
ರಾಗಿ ಹೊಲ ಮಟ್ಟ ಮಾಡಿ, ರೋಲರ್ ಎಳೆಸಿ
ಅಪ್ಪ ಬೆಳೆಸಿದ ಆರುನೂರು ಮೀಟರ್ ಹುಲ್ಲು.
ಧರಣೇಂದ್ರಯ್ಯನಿಗೆ ತಲೆ ಕೆಟ್ಟಿದೆ ಎಂದಿದ್ದ ಊರು
ಈಗ ಮಕ್ಕಳನ್ನು ಹೆಗಲೇರಿಸಿಕೊಂಡು
ಬೇಲಿಯಾಚೆ ನಿಂತಿದೆ.

ಗಾಳಿಚೀಲ ಅಮ್ಮನ ಹೊಲಿಗೆ,
ನನ್ನ ಹಳೇ ಲಂಗದ ಕಿತ್ತಳೆ ಬಟ್ಟೆ.
ನನ್ನ ಹದಿನಾರನೇ ವಯಸ್ಸು ಕಂಬದ ಮೇಲೆ
ಮೂಡಣದ ಗಾಳಿ ಕುಡಿದು ಉಬ್ಬುತ್ತದೆ.

ಮೊದಲು ಸದ್ದು.
ಅವರೆಕಾಯಿ ಸುಲಿಯುತ್ತಾ ಅಮ್ಮ, ತಲೆಯೆತ್ತದೆ:
"ಜಸಿಂತಾಳದ್ದು. ಎಲ್ಲೋ ಕೆಮ್ಮುತ್ತಿದೆ, ಪ್ಲಗ್ ನೋಡಲು ಹೇಳು."
ಒಮ್ಮೆಯೂ ಹತ್ತಿದವಳಲ್ಲ ಅಮ್ಮ.
ದನಿ ಕೇಳಿಯೇ ಜ್ವರ ಹಿಡಿಯುತ್ತಾಳೆ.

ಹುಬ್ಬಳ್ಳಿಯ ಡಾಕ್ಟರು ರೈಲು ಹಳಿ ಹಿಡಿದು ಬರುವವರು.
ಹಳಿ ನಂಬಿದರೆ ದಾರಿ ತಪ್ಪಲ್ಲ ಅನ್ನುತ್ತಾರೆ;
ಚಿಕ್ಕಜಾಜೂರಿನಲ್ಲಿ ಕವಲು ತಪ್ಪಿ
ಚಿತ್ರದುರ್ಗ ನೋಡಿ ಬಂದದ್ದನ್ನು ನಾವೇ ಹೇಳಬೇಕು.
ಕೊಯಮತ್ತೂರಿನ ಷಣ್ಮುಗಂ, ಅವರ ಹೆಂಡತಿ ವಡಿವು
ಮೇಲಿಂದಲೇ ಜಗಳ ತರುತ್ತಾರೆ,
ಇಳಿದೊಡನೆ ಒಬ್ಬರು ಗೂಟ ಹಿಡಿದು ಒಬ್ಬರು ಬಡಿದು
ರೆಕ್ಕೆಗೆ ಹಗ್ಗ ಬಿಗಿಯುತ್ತಾರೆ.

ಅಡಿಗೆಮನೆ ಗೋಡೆಯಲ್ಲಿ ಇದ್ದಿಲ ಗೆರೆ:
ಒಂದು ಇಳಿದರೆ ಒಂದು.
ಮೊದಲ ವರ್ಷ ಎರಡೇ.
ಸುಣ್ಣ ಬಳಿಯುವವನು ಅಷ್ಟು ಜಾಗ ಬಿಟ್ಟು ಬಳಿಯಬೇಕು.

ಹತ್ತೂವರೆಗೆ ಹನ್ನೊಂದು ಗೆರೆ.
ಎಂದೂ ಮೊದಲು ಬರುವ ಹಳದಿ ರೆಕ್ಕೆ ಮಾತ್ರ ಇಲ್ಲ.
ಅಪ್ಪ ಸುಮ್ಮಸುಮ್ಮನೆ ಪೆಟ್ರೋಲು ಸೋಸುತ್ತಿದ್ದರು,
ಸೋಸಿದ್ದನ್ನೇ ಮತ್ತೆ.

ಮುಕ್ಕಾಲು ಗಂಟೆ ಬಿಟ್ಟು ಜಾವಗಲ್ಲಿನ ಬಸ್ಸು ಗೇಟಿನೆದುರು ನಿಂತಿತು.
ಬೆಳ್ಳಿಯಪ್ಪ ಮಾಮ ಇಳಿದರು,
ಬಟ್ಟೆಚೀಲದಲ್ಲಿ ಹೆಡ್‌ಸೆಟ್ಟು.
"ಎದೆ ಪರೀಕ್ಷೆ ಪಾಸಾಗಲಿಲ್ಲ. ವಿಮಾನ ಮಾರಿದೆ.
ಇದನ್ನು ಮಾರೋದಕ್ಕೆ ಆಗಲಿಲ್ಲ."

ತಾವೇ ಸಹಿ ಹಾಕದೆ ಕಳಿಸಿದವರಂತೆ
ಹುಬ್ಬಳ್ಳಿ ಡಾಕ್ಟರು ತಮ್ಮ ಬೂಟು ನೋಡಿಕೊಂಡರು.
ಆಮೇಲೆ ಎಲ್ಲರೂ ಒಟ್ಟಿಗೆ:
ನನ್ನದರಲ್ಲಿ ಬಾ, ನನ್ನದರಲ್ಲಿ ಬಾ.
ಷಣ್ಮುಗಂ ಹೆಂಡತಿಯ ಸೀಟನ್ನೇ ಬಿಟ್ಟುಕೊಟ್ಟರು,
ಅದಕ್ಕೂ ಒಂದು ಜಗಳ.
ಮಾಮ ನನ್ನ ಕಡೆ ತಿರುಗಿ,
"ಕಲಿಸಿದ್ದಕ್ಕೆ ಫೀಜು ಬಾಕಿ ಇದೆಯಲ್ಲಾ ನಿಂದು?"

ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತರು.
ಕೆಳಗೆ ತೆಂಗಿನ ತೋಟ, ಮಾಲೇಕಲ್ಲು ಬೆಟ್ಟ,
ಜಂಕ್ಷನ್ನಿನಲ್ಲಿ ಬಾಲ ಮಡಚಿದ ಗೂಡ್ಸು ಗಾಡಿ.
ಇಪ್ಪತ್ತು ನಿಮಿಷ ಒಂದು ಮಾತಿಲ್ಲ.
ಇಳಿಯುವಾಗ ಗಾಳಿ ಪಕ್ಕದಿಂದ ತಳ್ಳಿತು.
"ಕಾಲು," ಅಂದರು. "ಕಾಲು, ಕೂಸೇ, ಕಾಲು."
ನನ್ನ ಕಾಲು ಆಗಲೇ ಒತ್ತಿತ್ತು;
ಅದಕ್ಕೆ ಆ ದನಿ ನನಗಿಂತ ಮೊದಲು ಕೇಳುತ್ತದೆ.
ಚಕ್ರ ನಿಂತ ಮೇಲೆ ನೋಡಿದೆ:
ಪೆಡಲಿನಿಂದ ಹಿಂದಕ್ಕೆ ಸರಿಸಿಟ್ಟ ಅವರ ಬಲಗಾಲು
ಬರೀ ನೆಲವನ್ನು ಬಲವಾಗಿ ಒತ್ತಿಹಿಡಿದಿತ್ತು.

ಹೊತ್ತು ಮುಳುಗುವ ಮುಂಚೆ ಊಟ ನಮ್ಮ ಜೈನರ ಮನೆಯ ಕಟ್ಟಳೆ.
ಹಗಲಷ್ಟೇ ಹಾರಲು ಪರವಾನಗಿ ಇರುವವರಿಗೆ
ಅದೇನು ಹೊಸದಲ್ಲ.
ಮುದ್ದೆ, ಅವರೆಕಾಳು ಸಾರು.
ಈರುಳ್ಳಿ ಇಲ್ಲವಾ ಎಂದು ಬೆಳ್ಳಿಯಪ್ಪ ಮಾಮ
ಪ್ರತಿ ವರ್ಷದಂತೆ ಕೇಳಿದರು.
ಪ್ರತಿ ವರ್ಷದಂತೆ ಅಮ್ಮ
ಕೇಳಿಸದವಳಂತೆ ತುಪ್ಪ ಬಡಿಸಿದಳು.

ಕೈ ಒರೆಸಿಕೊಂಡು ಎದ್ದು ಇದ್ದಿಲು ಹುಡುಕಿ
ಹನ್ನೆರಡನೆಯ ಗೆರೆ ಎಳೆದಳು.
"ಲೆಕ್ಕ ವಿಮಾನದ್ದು ಕಣೇ," ಅಂದರು ಅಪ್ಪ.

"ಹಾಗಂತ ಯಾರು ಹೇಳಿದ್ದು?" ಅಂದಳು ಅಮ್ಮ.