ನಾಲಿಗೆಯ ಕೆಲಸ

ಹೈದರಾಬಾದಿನ ಗಿರಾಕಿ ಪೈಪು ಕೊಟ್ಟುಹೋಗಿ ಎರಡು ವರ್ಷ.
ಕಟ್ಟಿಗೆಯ ಬಟ್ಟಲು, ಕೊರಳಲ್ಲಿ ಸಣ್ಣ ಬಿರುಕು.
ಅಲ್ಲೊಂದು ಬಿದ್ರಿ ಉಂಗುರ ಕೂಡಿಸಿಕೊಡು ಅಂದಿದ್ದ,
ಬೆಳ್ಳಿಯ ಬಳ್ಳಿ ಒಂದೇ, ಬೇರೇನೂ ಬ್ಯಾಡ.
ಮುನ್ನೂರು ರೂಪಾಯಿ ಮುಂಗಡ, ಜತೆಗೆ ಅವನು ಮರೆತ ತಂಬಾಕಿನ ಡಬ್ಬಿ.
ಫೋನು ಹಚ್ಚಿದರೆ ಆ ನಂಬರು ಈಗ
ಯಾವುದೋ ಹಾಲಿನ ಅಂಗಡಿಯದು.

ಉಂಗುರ ಚಂದ ಆಗಿತ್ತು. ಸುಳ್ಳು ಯಾಕೆ ಹೇಳಲಿ,
ನೋಡ್ತಾ ನೋಡ್ತಾ ಬಾಯಿಗೆ ಇಟ್ಟುಕೊಂಡೆ,
ಐವತ್ತಾರನೇ ವಯಸ್ಸಿಗೆ,
ಬೀಡಿ ಬಿಟ್ಟು ಒಂಬತ್ತು ವರ್ಷದ ಮೇಲೆ.

ಎದುರಿನ ಗಡಿಯಾರ ರಿಪೇರಿಯ ವೈಜಿನಾಥ ಓಡಿ ಬಂದ.
ಸೇದದವನಿಗೆ ಸೇದುವುದೆಲ್ಲ ಗೊತ್ತು:
'ತಳಕ್ಕೆ ಸಡಿಲ ತುಂಬು, ಮ್ಯಾಲ ಬಿಗಿ.
ಇಲ್ಲಿಲ್ಲ, ತಳಕ್ಕೇ ಬಿಗಿ.
ನಿಮಿಷಕ್ಕ ಎರಡೇ ದಮ್ಮು, ನಾ ಮುಳ್ಳು ನೋಡಿ ಹೇಳ್ತೀನಿ.'
ಯಾರದೋ ಕೈಗಡಿಯಾರ ನನ್ನ ಮೊಳಕಾಲ ಮೇಲಿಟ್ಟ.

ನಾನೂ ಮೂರ್ಖ, ಲೆಕ್ಕ ಹಿಡಿದೆ.
ಎಷ್ಟು ಚಿಟಿಕೆ, ಯಾವ ಬೆರಳು,
ಗಾಳಿ ಕೋಟೆ ಕಡೆಯದೋ ಚೌಬಾರದ ಕಡೆಯದೋ.
ಹದಿನೇಳು ಕಡ್ಡಿ.
ಆರಿತೇನೋ ಅಂತ ಇಣುಕಿದೆ, ಇಣುಕಿದಾಗೆಲ್ಲ ಆರಿತ್ತು.
ಉರಿಯಲಿ ಅಂತ ಜೋರು ಎಳೆದೆ, ತಿತ್ತಿ ಒತ್ತಿದ ಹಾಗೆ,
ಬಟ್ಟಲು ಕುಲುಮೆಯಾಯಿತು,
ನಾಲಿಗೆ
ಸುಟ್ಟ ಹಪ್ಪಳ.

ಉಳಿದವರಿಗೆ ನಾಲಿಗೆ ಸುಟ್ಟರೆ
ಎರಡು ದಿನ ಖಾರ ಬಿಡಬೇಕು, ಅಷ್ಟೇ.
ನನಗದು ಹತಾರ.
ಕೋಟೆಯ ಮಣ್ಣು, ಬಿಸಿಲು ಕಾಣದ ಮಳೆ ಕಾಣದ ಮೂಲೆಯದು,
ಮೊದಲು ನಾಲಿಗೆಗೆ ಮುಟ್ಟಿಸಬೇಕು.
ಒಳ್ಳೇ ಮಣ್ಣು ಚುಚ್ಚುತ್ತದೆ. ಕೆಟ್ಟದ್ದು ಬರೀ ಮಣ್ಣು.
ಚುಚ್ಚದ ಮಣ್ಣಿನ ನೀರಲ್ಲಿ ಅದ್ದಿದ ಸಾಮಾನು
ಕಪ್ಪಾಗುವುದಿಲ್ಲ, ಬೂದು ಬೂದಾಗಿ
ಜ್ವರ ಬಂದವರ ಮುಖ ಮಾಡುತ್ತದೆ.

ಮರುದಿನ ಹನ್ನೊಂದು ಹೂದಾನಿ ಸಾಲಾಗಿ ಕೂತಿದ್ದವು,
ಸಂಜೆಗೆ ಮದುವೆ ಮನೆಗೆ ಹೋಗಬೇಕಾದವು.
ಚಿಟಿಕೆ ಮಣ್ಣು ಇಟ್ಟುಕೊಂಡೆ. ಏನೂ ಇಲ್ಲ.
ಇನ್ನೊಂದು ಚೀಲದ್ದು. ಏನೂ ಇಲ್ಲ.

ಕಾಲೇಜಿಗೆ ಹೊರಟ ಫರ್ಹೀನ್ ಬಾಗಿಲಲ್ಲಿ ನಿಂತಳು,
ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕಿಲ್ಲ.
ಎರಡೂ ಚೀಲಕ್ಕೆ ಬೆರಳು ಅದ್ದಿದಳು, ನೆಕ್ಕಿದಳು, ಉಗುಳಿದಳು:
'ಇದು, ಅಬ್ಬಾ. ಅದು ಬ್ಯಾಡ, ಅದರಾಗ ಜೀವ ಇಲ್ಲ.'

ಯಾವಾಗ ಕಲಿತಿ?

'ನೀ ಯಾವಾಗ ಕಲಿಸಿದಿ, ಹೇಳು?'
ಅಂದು ಇನ್ನೊಂದು ಚಪ್ಪಲಿ ಹುಡುಕಲು ಹೋದಳು.

ಹತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ಪಾಠ ಬರೆದಳು.
ನಾನು, ಪಾಠ ಬರೀಲತ್ತಾಳ ಅಂದುಕೊಂಡಿದ್ದೆ.
ನನಗೆ ಉಳಿ ಹಿಡಿಸಿದ ಮಾಮುವೂ ಹಾಗೇ.
ಗೆರೆ ಎಷ್ಟು ಆಳ ಕೊರೀಲಿ ಅಂತ ಕೇಳಿದರೆ
ಚಾ ತಗೊಂಡು ಬಾ ಅನ್ನುವವ.
ಚಾ ತಂದು ತಂದೇ
ಆಳ ತಿಳಿಯಿತು.

ಹನ್ನೊಂದೂ ಕಪ್ಪಾದವು,
ಈಗಷ್ಟೇ ಹುಟ್ಟಿದ ಎಮ್ಮೆ ಕರುವಿನ ಮೈಯ ಹಾಗೆ.

ನಾಲ್ಕು ದಿನ ಪೈಪು ಮುಟ್ಟಲಿಲ್ಲ. ಐದನೇ ಸಂಜೆ
ಒಂದು ತಟ್ಟೆಯ ಅಂಚಿಗೆ ತಂತಿ ಕೂಡಿಸುತ್ತಿದ್ದೆ.
ತಂಬಾಕು ತುಂಬಿದ್ದು ಯಾವಾಗ, ಕಡ್ಡಿ ಗೀರಿದ್ದು ಯಾವಾಗ,
ಸುತ್ತಿಗೆಯ ಟಕ್ ಟಕ್ ನಡುವೆ
ಹೊಗೆ ತಾನೇ ಬಂತು, ತಾನೇ ಹೋಯಿತು,
ತೆಳ್ಳಗೆ, ತಣ್ಣಗೆ, ಒಣಹುಲ್ಲಿನ ವಾಸನೆ.

ಆಚೆಯಿಂದ ವೈಜಿನಾಥ ಕೂಗಿದ:
'ಅರ್ಧ ತಾಸಾಯ್ತಲ್ಲೋ, ಇನ್ನಾ ಆರಿಲ್ಲ! ಹ್ಯಾಂಗ ಮಾಡಿದಿ?'

ಹ್ಯಾಂಗ ಅಂತ ನೋಡಿದೆ.
ಆರಿತು.
ಇರಲಿ, ನಿನ್ನ ಕಡ್ಡಿ ಪೆಟ್ಟಿಗಿ ಈ ಕಡೆ ಎಸಿ, ಅಂದೆ.